ಬಣ್ಣಕ್ಕೆ ಬೆಲೆಯಿಲ್ಲ ಎಂದ ವ್ಯಾಪಾರಿ

"ಗುರುಗಳೇ, ಸಿಟ್ಟು ಮನುಷ್ಯನ ಶತ್ರು ಎಂದು ನೀವೇ ಕಲಿಸಿದ್ದೀರಿ. ಇವತ್ತು ಪೇಟೆಯಲ್ಲಿ ಮೆಣಸಿನಕಾಯಿ ಬೆಳೆದವರು ದರ ಬಿತ್ತೆಂದು ಚೀಲಗಳನ್ನು ರಸ್ತೆಗೆ ಸುರಿದು ಕೂಗಾಡುತ್ತಿದ್ದರು. ತಾಳ್ಮೆ ಇರಲಿ ಎಂದೆ. ನನ್ನನ್ನೇ ಬೈದರು. ನಾನು ಹೇಳಿದ್ದು ತಪ್ಪೇ?" ಎಂದು ಶಿಷ್ಯ ಅಡಿವೆಪ್ಪ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಫಕೀರವ್ವ ಎಂಬ ರೈತ ಹೆಂಗಸು ಇದ್ದಳು. ಆ ಊರಿನ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಮಾತ್ರ ಗಾಢ ಕೆಂಪು. ಅಂಥ ಕೆಂಪು ಬೇರೆ ನೆಲದಲ್ಲಿ ಬರುತ್ತಿರಲಿಲ್ಲ. ಅತ್ತೆಯಿಂದ ಬಂದ ಬೀಜವನ್ನೇ ಅವಳು ವರ್ಷವರ್ಷವೂ ಆರಿಸಿ ಇಡುತ್ತಿದ್ದಳು.

ಊರಿನ ಬೆಳೆಯನ್ನೆಲ್ಲ ಕೊಳ್ಳುತ್ತಿದ್ದವನು ಒಬ್ಬನೇ ವ್ಯಾಪಾರಿ. ಅವನು ಅದನ್ನು ದೂರದ ಪಟ್ಟಣದಲ್ಲಿ ಬಣ್ಣ ತೆಗೆಯುವ ಕಾರ್ಖಾನೆಗೆ ಮಾರುತ್ತಿದ್ದ. ಅಲ್ಲಿ ಬಣ್ಣ ನೋಡಿಯೇ ಬೆಲೆ ಕಟ್ಟುತ್ತಿದ್ದರು. ಈ ಮಾತನ್ನು ಅವನು ಊರಿನಲ್ಲಿ ಎತ್ತುತ್ತಿರಲಿಲ್ಲ.

"ಸಾವ್ಕಾರ್ರ, ಈ ದರಕ್ಕ ಕಾಯಿ ಬಿಡಿಸಿದ ಕೂಲಿನೂ ಹುಟ್ಟೂದಿಲ್ಲ" ಎಂದಳು ಫಕೀರವ್ವ.

"ಬಣ್ಣಕ್ಕ ಯಾರು ರೊಕ್ಕ ಕೊಡ್ತಾರವ್ವಾ? ತೂಕ ಬರಬೇಕು. ಒಂದು ವರ್ಷ ತಾಳ್ರಿ, ದರ ಏರತೈತಿ" ಎಂದ ಅವನು.

ಮರುವರ್ಷವೂ ಅದೇ ಮಾತು ಹೇಳಿದ. ಊರಿನವರು ಸಿಟ್ಟಾದರು. ಈ ಸಲ ಅವನಿಗೆ ಕೊಡುವುದೇ ಬೇಡ, ನಾವೇ ಪಟ್ಟಣಕ್ಕೆ ಒಯ್ಯೋಣ ಎಂದರು. ಕೊಳ್ಳುವವನ ಜೊತೆ ಜಗಳ ಯಾಕೆ ಎಂದು ಅವರನ್ನು ಸಮಾಧಾನ ಮಾಡಿದವಳು ಫಕೀರವ್ವನೇ.

ಆಮೇಲೆ ಬೀಜದಲ್ಲೂ ಲಾಭ ಕಂಡ ವ್ಯಾಪಾರಿ, ತೂಕ ಹೆಚ್ಚು ಬರುತ್ತದೆ ಎಂದು ಹೊರಗಿನ ಬೀಜ ತಂದು ಮಾರಿದ. ಎಲ್ಲರೂ ಅದನ್ನೇ ಬಿತ್ತಿದರು. ತೂಕವೇನೋ ಬಂತು, ಆ ಕೆಂಪು ಬರಲಿಲ್ಲ. ಇಂಥ ಕಾಯಿ ಎಲ್ಲ ಕಡೆಯೂ ಬೆಳೆಯುತ್ತಾರೆ ಎಂದು ಅವನು ದರವನ್ನು ಇನ್ನೂ ಇಳಿಸಿದ. ಬೀಜಕ್ಕೂ ಪ್ರತಿ ವರ್ಷ ಅವನ ಅಂಗಡಿಗೇ ಹೋಗಬೇಕಾಯಿತು. ಹಳೆಯ ಬೀಜ ಗಡಿಗೆಯಲ್ಲೇ ಉಳಿಯಿತು.

ಕೆಲವು ವರ್ಷ ಕಳೆದವು. ಕಾರ್ಖಾನೆಯವರು ಹಿಂದಿನ ಕೆಂಪೇ ಬೇಕು ಎಂದು ಹಟ ಹಿಡಿದರು. ವ್ಯಾಪಾರಿ ಫಕೀರವ್ವನ ಮನೆಗೆ ಬಂದು ಹಳೆಯ ಕಾಯಿ ಬೆಳೆದುಕೊಡಿ ಎಂದು ಕೇಳಿದ. ಅವಳು ಗಡಿಗೆ ಇಳಿಸಿ ಬೀಜವನ್ನು ಸಸಿ ಮಡಿಗೆ ಹಾಕಿದಳು. ದಿನವೂ ನೀರು ಚಿಮುಕಿಸಿದಳು. ಹಳತಾದ ಬೀಜ, ಒಂದೂ ಮೊಳೆಯಲಿಲ್ಲ. ಊರಿನ ಬೇರೆ ಯಾರ ಮನೆಯಲ್ಲೂ ಬೀಜ ಉಳಿದಿರಲಿಲ್ಲ.

ವ್ಯಾಪಾರಿ ಮತ್ತೆ ಬಂದು ಬರಿಯ ಮಡಿ ನೋಡಿ ಅವಳ ಮನೆಯ ಕಟ್ಟೆಯ ಮೇಲೆ ಕೂತ. "ಹಿರ್‍ಯಾರ ಬೀಜ ಕಳಕೊಂಡು ಕುಂತ್ರಲ್ಲ. ನಿಮ್ಮ ಮಂದಿಗೆ ತಾಳ್ಮಿ ಅನ್ನೂದೇ ಇಲ್ಲ" ಎಂದ.

ಫಕೀರವ್ವ ಅವನ ಎದುರು ಬಂದು ನಿಂತಳು. "ಬಣ್ಣಕ್ಕ ರೊಕ್ಕಿಲ್ಲ ಅಂದವರು ನೀವು. ಹೊರಗಿನ ಬೀಜ ತಂದು ಕೊಟ್ಟವರೂ ನೀವು. ಏಳ್ರಿ, ನನ್ನ ಕಟ್ಟಿ ಬಿಟ್ಟು ಇಳೀರಿ" ಎಂದು ಅವನನ್ನು ಎಬ್ಬಿಸಿ ಅಟ್ಟಿದಳು.

ಅವನು ಬೇರೆ ಸರಕು ಹಿಡಿದು ಸುಖವಾಗಿಯೇ ಇದ್ದ. ಊರಿಗೆ ಆ ಕೆಂಪು ಮರಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ, "ಹಾಗಾದರೆ ಕಡೆಗೆ ಅವಳೂ ಸಿಟ್ಟಿಗೆ ಸೋತಳಲ್ಲವೇ? ಅದು ಅವಳ ತಪ್ಪಲ್ಲವೇ?" ಎಂದ.

"ತಪ್ಪೇ," ಎಂದರು ಗುರುಗಳು, "ಆ ಸಿಟ್ಟು ಬೀಜಕ್ಕೆ ಜೀವ ಇದ್ದಾಗಲೇ ಬರಬೇಕಿತ್ತು."