ತಿರುಗಿಸಿ ಕಳಿಸಿದ ಮೊರದ ಬಾಗಿನದ ಕಥೆ

ಗೌರಿಯ ಮುಂದಿನ ದೀಪಕ್ಕೆ ಎಣ್ಣೆ ಹೊಯ್ದು, ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು, ಮನಸ್ಸಿಟ್ಟು ಕೇಳುವಂಥವರಾಗಿ. ಬಾಗಿಲ ಹತ್ತಿರ ಪಿಸುಗುಟ್ಟುತ್ತಿರುವವರಿಗೂ ಹೇಳುತ್ತಿದ್ದೇನೆ, ಈ ಕಥೆ ಮುಖ್ಯವಾಗಿ ಅವರಿಗೇ.

ಪೂರ್ವದಲ್ಲಿ ಹೊಂಬಾಳೆಂಬ ಊರಿನಲ್ಲಿ ಚಿಕ್ಕಣ್ಣನೆಂಬ ಗೃಹಸ್ಥನೂ ಅವನ ಹೆಂಡತಿ ಗಿರಿಯಮ್ಮನೂ ಇದ್ದರು. ಚಿಕ್ಕಣ್ಣನ ತಂಗಿ ದೇವಾಜಮ್ಮನನ್ನು ಹೊಳೆಯಾಚೆಯ ದೂರದ ಪಟ್ಟಣಕ್ಕೆ ಕೊಟ್ಟಿತ್ತು. ತವರಿನಲ್ಲಿ ತಾಯಿಗೆ ಕಾಯಿಲೆಯಾದ್ದರಿಂದ ದೇವಾಜಮ್ಮನ ಹೆರಿಗೆ ಅತ್ತೆಮನೆಯಲ್ಲೇ ಆಗಿ, ಹೆಣ್ಣು ಮಗುವನ್ನು ಹೆತ್ತು ಮಲಗಿರಲು, ಇತ್ತ ತಾಯಿ ತೀರಿಕೊಂಡಳು. ಸುದ್ದಿ ಮುಟ್ಟಿದ್ದು ಬಾಣಂತನ ಮುಗಿದ ಮೇಲೆ. ಇದು ಅತ್ತಿಗೆಯದೇ ಕೈವಾಡ, ತಾಯಿಯ ಒಡವೆಗಳನ್ನು ಬಚ್ಚಿಡಲು ನನ್ನನ್ನು ದೂರವಿಟ್ಟಳೆಂದು ದೇವಾಜಮ್ಮನು ಬಗೆದು ತವರಿನ ದಾರಿಯನ್ನೇ ಬಿಟ್ಟಳು.

ಗಿರಿಯಮ್ಮನು ಗೌರಿಯ ಹಬ್ಬ ಬಂದಾಗಲೆಲ್ಲ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಸಿನ ಕುಂಕುಮಗಳನ್ನಿಟ್ಟು, ಮೇಲೊಂದು ಮೊರ ಮುಚ್ಚಿ ನಾದಿನಿಗೆ ಬಾಗಿನ ಕಳಿಸುವಳು. ದೇವಾಜಮ್ಮನು, ಅದರಲ್ಲಿ ಮಾಟ ಮಾಡಿಸಿಟ್ಟಿದ್ದರೆ ಯಾರಿಗೆ ಗೊತ್ತೆಂದು ಮುಟ್ಟದೆ ತಿರುಗಿಸಿ ಕಳಿಸುವಳು.

ಗೌರಿ ಮುನಿದಳು. ಏನನ್ನೂ ಕಿತ್ತುಕೊಳ್ಳಲಿಲ್ಲ, ಆ ಅನುಮಾನವನ್ನೇ ಮನೆತುಂಬ ಬೆಳೆಯಲು ಬಿಟ್ಟಳು. ದೇವಾಜಮ್ಮನಿಗೆ ಹಾಲಿನವಳ ಅಳತೆಯಲ್ಲಿ ಅನುಮಾನ, ಗಂಡ ನಕ್ಕರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ. ಮಗಳು ಚೆಲುವಾಜಿಗೆ ಬಂದ ವರಗಳಲ್ಲೆಲ್ಲ ಹುಳುಕು ಕಂಡು ಕಳಿಸಿದಳು. ಕಡೆಗೊಂದು ಸಂಬಂಧ ಕೂಡಿ ಬಂದರೆ, ಸೋದರಮಾವನು ಹಸೆಗೆ ಎತ್ತಿ ತಾರದ ಹೆಣ್ಣು ನಮಗೆ ಬೇಡವೆಂದು ಬೀಗರು ಪಟ್ಟು ಹಿಡಿದರು. ಮಗಳು ಊಟ ಬಿಟ್ಟು ಮೂಲೆ ಸೇರಿದಳು.

ಆಗ ಗೌರಿಯು ಮುತ್ತೈದೆಯ ವೇಷದಿಂದ ಬಂದು, ತವರಿಗೆ ಹೋಗಿ ಅತ್ತಿಗೆಯ ಕೈಯಿಂದ ಬಾಗಿನ ತೆಗೆದುಕೋ, ಮಡಿಲಿಗೆ ಬೀಳುವ ಮೊದಲು ಮುಚ್ಚಿದ ಮೊರ ಎತ್ತಬೇಡವೆಂದು ಹೇಳಿ ಅದೃಶ್ಯಳಾದಳು. ದೇವಾಜಮ್ಮನಿಗೆ ಆ ಮುತ್ತೈದೆಯ ಮೇಲೂ ಅನುಮಾನ ಬಂತೆನ್ನಿ. ಆದರೂ ಮಗಳ ಮುಖ ನೋಡಿ ಹೊರಟಳು.

ಗಿರಿಯಮ್ಮನು ಓಡಿ ಬಂದು ಕಾಲಿಗೆ ನೀರು ಕೊಟ್ಟಳು. ಇಷ್ಟು ಆದರವೇಕೆಂದು ದೇವಾಜಮ್ಮನು ನೀರನ್ನು ಮೂಸಿದಳು. ಪಾಯಸ ಬಡಿಸಿದರೆ ಅತ್ತಿಗೆ ಉಣ್ಣುವತನಕ ಕಾದಳು. ತಾಯಿ ಮಲಗುತ್ತಿದ್ದ ಕೋಣೆಗೆ ಬೀಗವಿರುವುದನ್ನು ಕಂಡು, ಅತ್ತಿಗೆ ಸಿಕ್ಕಿಬಿದ್ದಳು ಎಂದುಕೊಂಡಳು. ಗಿರಿಯಮ್ಮನು ನೀರಿಗೆ ಹೋದ ಹೊತ್ತು ನೋಡಿ, ಗೂಡಿನಲ್ಲಿದ್ದ ಬೀಗದ ಕೈ ತೆಗೆದು ಕೋಣೆ ತೆರೆದಳು.

ಒಳಗೆ ಒಡವೆಯಿಲ್ಲ. ಗೋಡೆಯುದ್ದಕ್ಕೂ ಮುಚ್ಚಿದ ಮೊರಗಳು, ಒಂದರ ಮೇಲೊಂದು. ಮುತ್ತೈದೆಯ ಮಾತು ಮರೆತು, ಹತ್ತಿರದ್ದರ ಮೇಲಿನ ಮೊರ ಎತ್ತಿ ನೋಡಿದಳು. ಅಕ್ಕಿ ಹುಳು ಹಿಡಿದು ಪುಡಿಯಾಗಿತ್ತು, ಬೆಲ್ಲ ಕರಗಿ ಕಪ್ಪಾಗಿತ್ತು. ನೀರು ಹೊತ್ತು ಬಂದ ಅತ್ತಿಗೆಯ ಮುಂದೆ ಅದನ್ನು ಹಿಡಿದು, "ನನಗೆ ಕಳಿಸ್ತಿದ್ದ ಬಾಗಿನ ಇದೇನಾ ಅತ್ತಿಗೆ?" ಎಂದು ಕೇಳಿದಳು.

ಗಿರಿಯಮ್ಮನು ಬಿಂದಿಗೆ ಇಳಿಸಿ ಹೇಳಿದಳು. "ಅದು ನೀನು ಮೊದಲ ಸಲ ತಿರುಗಿಸಿದ್ದು ಕಣೆ ದೇವಾಜಿ. ನಿನ್ನ ಹೆಸರಲ್ಲಿ ತುಂಬಿದ್ದನ್ನ ಇನ್ನೊಬ್ಬರ ಮಡಿಲಿಗೆ ಹೆಂಗೆ ಹಾಕ್ಲಿ? ಅತ್ತೆಮ್ಮ ಸಾಯೋ ಹೊತ್ತಲ್ಲಿ, ಹಸಿ ಬಾಣಂತಿ, ಅವಳಿಗೆ ಹೇಳಬ್ಯಾಡಿ ಅಂತ ಆಣೆ ತಗೊಂಡ್ರು. ಅದಕ್ಕೇ ಹೇಳಲಿಲ್ಲ."

ದೇವಾಜಮ್ಮನು ಆ ಮೊರಗಳ ನಡುವೆ ಕುಸಿದು ಕೂತು, ತಾಯಿಗಾಗಿ ಅಂದು ಅಳದೆ ಉಳಿದ ಅಳುವನ್ನೆಲ್ಲ ಅತ್ತಳು. ಗಿರಿಯಮ್ಮನೂ ಪಕ್ಕದಲ್ಲಿ ಕೂತು ಅತ್ತಳು. ಬಳಿಕ ಇಬ್ಬರೂ ಸ್ನಾನಮಾಡಿ, ಹೊಸ ಮೊರಕ್ಕೆ ಅರಿಸಿನ ಬಳಿದು, ಗೌರಿಯನ್ನು ಪೂಜಿಸಿ, ಸೆರಗು ಹಿಡಿದು ಬಾಗಿನ ಕೊಟ್ಟು ತೆಗೆದುಕೊಂಡರು. ಈ ಸಲ ದೇವಾಜಮ್ಮನು ಮೊರ ಎತ್ತಿ ನೋಡಲಿಲ್ಲ. ಚಿಕ್ಕಣ್ಣನು ಪಟ್ಟಣಕ್ಕೆ ಹೋಗಿ ಸೋದರಸೊಸೆ ಚೆಲುವಾಜಿಯನ್ನು ಎತ್ತಿ ಹಸೆಗೆ ತಂದನು, ಮದುವೆ ಸಾಂಗವಾಯಿತು.

ಈ ಕಥೆಯನ್ನು ಹೇಳಿದವರಿಗೂ ಕೇಳಿದವರಿಗೂ, ಹೋಗದೆ ಬಿಟ್ಟ ತವರು ಮತ್ತೆ ದೊರೆಯಲಿ, ಮಕ್ಕಳ ಮದುವೆಗೆ ಸೋದರಮಾವ ಬರಲಿ. ಈಗ ಅಕ್ಷತೆ ಹಾಕಿ. ಹಾಕಿದ ಮೇಲೆ, ಇಷ್ಟು ಹೊತ್ತು ನೀವು ಯಾರ ಕಡೆ ನೋಡದೆ ಕೂತಿದ್ದಿರೋ, ಮೊದಲ ಕುಂಕುಮ ಅವರಿಗೆ ಕೊಡಿ.