ಹಾಜರಿ ಪುಸ್ತಕದ ಸಹಿ

ಹಂಚಿನ ಕಾರ್ಖಾನೆಯಲ್ಲಿ ದುಡಿದು ಮುದುಕಿಯಾದ ಗುಲಾಬಿಯಕ್ಕ ಅಂದು ಸಭೆಗೆ ಹೋಗಿದ್ದಳು. ಹೊಳೆದಂಡೆಯಲ್ಲಿ ವಿಹಾರಧಾಮ ಕಟ್ಟಲು ದೋಣಿ ನಿಲ್ಲುವ ಕಡವನ್ನು ಮುಚ್ಚುತ್ತಾರಂತೆ, ಅದಕ್ಕೆ ಊರವರ ಅಭಿಪ್ರಾಯ ಬೇಕಂತೆ. ಸಾಹೇಬರು ಒಂದು ಗಂಟೆ ತಾವೇ ಮಾತಾಡಿದರು. ಕೊನೆಗೆ ಪುಸ್ತಕ ಮುಂದಿಟ್ಟು, "ಸಮಯ ಮುಗಿಯಿತು. ಎಲ್ಲರೂ ಹಾಜರಿ ಹಾಕಿ," ಎಂದರು.

ಗುಲಾಬಿಯಕ್ಕ ಎದ್ದು ಹೋಗಿ ನಿಧಾನವಾಗಿ ಬರೆದಳು. ಹಿಂದಿನವರೆಲ್ಲ ಅದನ್ನೇ ನೋಡಿ ಬರೆದರು. ಪುಸ್ತಕ ತೆರೆದ ಸಾಹೇಬರ ಮುಖ ಕಪ್ಪಿಟ್ಟಿತು. ಪ್ರತಿ ಸಹಿಯ ಪಕ್ಕದಲ್ಲೂ ಒಂದೇ ಮಾತಿತ್ತು: 'ಬಂದಿದ್ದೇನೆ, ಒಪ್ಪಿಲ್ಲ.'

"ಏನಮ್ಮಾ ಇದು! ಇದನ್ನು ಮೇಲಿನವರಿಗೆ ಹೇಗೆ ಕಳಿಸಲಿ?"

"ಹಾಜರಿ ಅಂತ ಕಳಿಸಿ ಸ್ವಾಮಿ. ಒಪ್ಪಿಗೆ ಅಂತ ಕಳಿಸುವುದಾದರೆ ಮಾತ್ರ ಕಷ್ಟ."

ಸಾಹೇಬರು ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಹೊರಟರು. ತಿಂಗಳೊಳಗೆ ಹೊಸ ನಕ್ಷೆ ಬಂತು, ಕಡವು ಉಳಿಯಿತು.

ದೋಣಿಯ ಐತಪ್ಪ ಹಿಗ್ಗಿ ಕೇಳಿದ, "ಈ ಉಪಾಯ ಎಲ್ಲಿ ಕಲಿತಿರಿ ಅಕ್ಕಾ?"

ಗುಲಾಬಿಯಕ್ಕ ಬೇಲಿಯಾಚೆಯ ಬರಿ ಬಯಲನ್ನು ನೋಡಿದಳು.

"ನಮ್ಮ ಕಾರ್ಖಾನೆ ಕೆಡಹುವ ಮೊದಲೂ ಇಂಥದೇ ಸಭೆ ಆಗಿತ್ತು ಐತಪ್ಪಾ. ನಮ್ಮ ಹಾಜರಿಯನ್ನೇ ಒಪ್ಪಿಗೆ ಅಂದುಬಿಟ್ಟರು. ಅವತ್ತು ಉಳಿದವರು ಹಿಂದೆಮುಂದೆ ನೋಡುತ್ತಿದ್ದಾಗ, 'ಬನ್ನಿ, ಏನೂ ಆಗುವುದಿಲ್ಲ' ಅಂತ ಕರೆದು ಸಹಿ ಹಾಕಿಸಿದವಳು ನಾನೇ."