ಕೋತಿ ಮೇಷ್ಟ್ರ ತಿದ್ದುಪಡಿ

ಕಾಡಿನ ಉಗ್ರಾಣದಲ್ಲಿ ತಲೆಗೊಂದೇ ಪಾಲು ಕಾಳು. ಯಾರೂ ಎರಡು ಸಲ ಬಾರದಂತೆ ಹೆಜ್ಜೆಗುರುತು ನೋಡಿ ತಡೆಯುವುದು ನಾಯಿಯ ಕೆಲಸ. ಹೆಜ್ಜೆಗಳನ್ನು ಜೋಡಿಸಿಟ್ಟು, ‘ಇವೆರಡೂ ಒಬ್ಬರವೇ’, ‘ಇವು ಬೇರೆಯವರವು’ ಎಂದು ಅದಕ್ಕೆ ಪಾಠ ಹೇಳಿದ್ದು ಕೋತಿ. ಅವಸರದಲ್ಲಿ ಕೋತಿ ಅಳಿಲುಗಳ ಹೆಜ್ಜೆಯನ್ನೆಲ್ಲ ಒಬ್ಬರದೇ ಎಂದಿತ್ತು, ಕೋತಿಗಳದನ್ನೂ ಹಾಗೆಯೇ.

ಹೀಗಾಗಿ ಅಕ್ಕ ಪಾಲು ಒಯ್ದ ಮೇಲೆ ಬಂದ ತಂಗಿ ಅಳಿಲಿಗೆ ನಾಯಿ, “ನಿನ್ನದು ಆಗಲೇ ಆಯಿತು, ನಡಿ” ಎಂದಿತು.

ಹಸಿದ ಅಳಿಲು ಕೋತಿಯ ಬಳಿ ಹೋಯಿತು. “ಮೇಷ್ಟ್ರೇ, ಪಾಠ ತಿದ್ದಿ.”

“ಪಾಠ ಸರಿಯಾಗಿದೆ. ನೀವಿಬ್ಬರೂ ಒಂದೇ ಥರ ಇರುವುದು ನಿಮ್ಮ ತಪ್ಪು.”

ಮರುದಿನ ತನ್ನ ಭಾವ ಪಾಲು ಒಯ್ದ ಹಿಂದೆಯೇ ಬಂದ ಕೋತಿಯನ್ನೂ ನಾಯಿ ತಡೆಯಿತು. ಕೋತಿ ಅಲ್ಲೇ ಕುಳಿತು ಪಾಠ ತಿದ್ದಿತು. ಅಳಿಲು ಆಸೆಯಿಂದ ಮುಂದೆ ಬಂದರೆ ನಾಯಿ ಮತ್ತೆ ಅಡ್ಡ ನಿಂತಿತು.

“ಕೋತಿಗಳ ಹೆಜ್ಜೆಯನ್ನಷ್ಟೇ ತಿದ್ದಿದೆ,” ಎಂದಿತು ಕೋತಿ ಕಾಳು ಮುಕ್ಕುತ್ತಾ. “ತಪ್ಪು ಇದ್ದದ್ದು ಅಲ್ಲಿ ಮಾತ್ರ.”